ಮನೆಯೊಳಗೊಂದು ರೈಲುಮಾರ್ಗ

ಕೆಲಸವನ್ನು ಆರಂಭಿಸುವ ಉತ್ಸಾಹ ಎಲ್ಲರಲ್ಲಿಯೂ ಇರುತ್ತದೆ. ಅದನ್ನು ಕಡೆಮುಟ್ಟಿಸುವ ತಾಳ್ಮೆ ಕೆಲವರಲ್ಲಿ ಮಾತ್ರ ಕಾಣುತ್ತದೆ. ಉತ್ಸಾಹವುಂಟು, ತಾಳ್ಮೆಯಿಲ್ಲ ಎಂಬಂಥವರಿಗೆ ನಮ್ಮ ಹಿರಿಯರು ‘ಆರಂಭಶೂರರು’ ಎಂಬ ಹೆಸರನ್ನಿಟ್ಟರು. ಅರ್ಧ ಕಟ್ಟಿ ನಿಲ್ಲಿಸಿದ ಗೋಡೆ, ಅರ್ಧ ಹೊಲಿದು ಗಂಟುಕಟ್ಟಿಟ್ಟ ಕೌದಿ, ಎರಡನೆಯ ಅಧ್ಯಾಯಕ್ಕೇ ನಿಂತುಹೋದ ಗ್ರಂಥಸಂಪಾದನೆ ಇವೆಲ್ಲ ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಈ ಮಾತನ್ನು ನಾನು ಬಹಳ ವರ್ಷ ಪುಸ್ತಕದ ಮಾತಾಗಿ ಬಲ್ಲವನಾಗಿದ್ದೆ. ಅದನ್ನು ಕೈಯಾರೆ ಅರಿಯುವಂತೆ ಮಾಡಿದ್ದು ಕಳೆದ ಮೂರು ವರ್ಷಗಳಿಂದ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ನಾನೂ ನನ್ನ ಮೊಮ್ಮಗನೂ ಕೂಡಿ ಕಟ್ಟುತ್ತಿರುವ ಒಂದು ಪುಟ್ಟ ರೈಲುಮಾರ್ಗ.

ಮಠದ ಪಾಠಶಾಲೆಯಲ್ಲಿ ಬೆಳೆದು, ವ್ಯಾಕರಣ ಕಾವ್ಯಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದು, ಅರವತ್ತು ದಾಟಿದ ಮನುಷ್ಯನಿಗೆ ಆಟಿಕೆಯ ರೈಲಿನೊಡನೆ ಏನು ಕೆಲಸ ಎಂದು ಓದುಗ ಬಂಧುಗಳು ನಗಬಹುದು. ಪಾಶ್ಚಾತ್ಯ ದೇಶಗಳಲ್ಲಿ ಇದು ಮಕ್ಕಳ ಆಟವಾಗಿ ಹುಟ್ಟಿ, ಹಿರಿಯರ ಹವ್ಯಾಸವಾಗಿ ಬೆಳೆದಿದೆ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯವರು 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಕೀಲಿ ಕೊಟ್ಟರೆ ಓಡುವ ರೈಲನ್ನೂ, ಒಂದಕ್ಕೊಂದು ಜೋಡಿಸಬಹುದಾದ ಗೊತ್ತಾದ ಅಳತೆಯ ಹಳಿಗಳನ್ನೂ ಮಾರಾಟಕ್ಕಿಟ್ಟರು. ಹಳಿಗೆ ಒಂದು ಅಳತೆ ಗೊತ್ತಾದ ಮೇಲೆ ಈ ವರ್ಷ ನಾಲ್ಕು ತುಂಡು, ಮುಂದಿನ ವರ್ಷ ನಾಲ್ಕು ತುಂಡು ಎಂದು ಕೂಡಿಸುತ್ತ ಹೋಗುವುದು ಸಾಧ್ಯವಾಯಿತು. ಇಂದು ಹೆಚ್ಚು ಬಳಕೆಯಲ್ಲಿರುವ ಪ್ರಮಾಣಕ್ಕೆ ಎಚ್‌ಓ ಎಂದು ಹೆಸರು. ಮೂಲದಲ್ಲಿ 87 ಅಡಿ ಇರುವುದು ಇದರಲ್ಲಿ ಒಂದು ಅಡಿಯಾಗುತ್ತದೆ. ಎರಡು ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಈ ಅಳತೆಯಲ್ಲಿ ಎಂಜಿನ್ನು, ಡಬ್ಬಿ, ನಿಲ್ದಾಣ, ಸೇತುವೆ, ಗುಡ್ಡ, ಗಿಡಮರ ಎಲ್ಲವನ್ನೂ ಕೂಡಿಸಿ ಒಂದು ಪ್ರದೇಶವನ್ನೇ ಮನೆಯೊಳಗೆ ನಿರ್ಮಿಸುವವರು ಸಾವಿರಾರು ಜನರಿದ್ದಾರೆ. ಅವರಲ್ಲಿ ಆರಂಭಶೂರರು ಬಹಳ ಜನ ಎಂಬುದನ್ನು ಅವರ ಬರಹಗಳೇ ಒಪ್ಪುತ್ತವೆ.

ನಮ್ಮ ಮನೆಗೆ ಈ ರೈಲು ಬಂದದ್ದು ಜರ್ಮನಿಯಲ್ಲಿರುವ ನನ್ನ ತಂಗಿಯ ಮಗನ ಕೈಯಿಂದ. ಒಂದು ಎಂಜಿನ್ನು, ಮೂರು ಡಬ್ಬಿ, ದುಂಡಗೆ ಜೋಡಿಸುವಷ್ಟು ಹಳಿ. ಆಗ ಹನ್ನೆರಡು ವರ್ಷದವನಾಗಿದ್ದ ಮೊಮ್ಮಗ ಎಂಟು ದಿನ ಅದನ್ನು ಪಡಸಾಲೆಯಲ್ಲಿ ಸುತ್ತು ಹೊಡೆಸಿದ. ಒಂಬತ್ತನೆಯ ದಿನ ಬಂದು, ‘ಅಜ್ಜಾ, ಇದು ಬರೇ ಗಾಣದಂಗ ತಿರಗತೈತಿ. ಇದಕ್ಕೊಂದು ಊರು ಬೇಕು’ ಎಂದ. ಅವನ ಮಾತಿನಲ್ಲಿ ಈ ಹವ್ಯಾಸದ ಮೂಲತತ್ತ್ವವೇ ಇತ್ತು. ಊರಿಲ್ಲದ ರೈಲು ಸುತ್ತುತ್ತದೆಯೇ ಹೊರತು ಎಲ್ಲಿಗೂ ಹೋಗುವುದಿಲ್ಲ.

ಊರು ಕಟ್ಟುವ ಮೊದಲು ನಾನು ಪರಿಚಿತರೊಬ್ಬರ ಮನೆಗೆ ಹೋಗಿ ಅವರು ಕಟ್ಟಿದ ಮಾರ್ಗವನ್ನು ನೋಡಿದೆ. ಉದ್ಯೋಗದಲ್ಲಿದ್ದಾಗ ಪರದೇಶದಲ್ಲಿ ಇದನ್ನು ಕಂಡು ಮೋಹಗೊಂಡು ಬಂದ ಸಜ್ಜನರು. ಕೋಣೆಯ ತುಂಬ ಮೇಜು, ಮೂರು ನಿಲ್ದಾಣ, ಎರಡು ಗುಡ್ಡ, ಇಪ್ಪತ್ತಕ್ಕೂ ಮಿಕ್ಕಿ ಪಾಯಿಂಟ್ಸುಗಳು ಅವರ ನಕಾಶೆಯಲ್ಲಿದ್ದವು. ಮರದ ಕೆಲಸ ಮುಗಿದಿತ್ತು. ಹಳಿ ಅರ್ಧ ಬಿದ್ದಿತ್ತು. ತಂತಿಗಳು ಮೇಜಿನ ಕೆಳಗೆ ಜಡೆಯಂತೆ ಇಳಿಬಿದ್ದಿದ್ದವು. ಎಂಟು ವರ್ಷಗಳಿಂದ ಅದರ ಮೇಲೆ ಹಳೆಯ ಜಮಖಾನೆಯೊಂದು ಹಾಸಿತ್ತು. ‘ಕೆಳಗಿಳಿದು ನೋಡಿದರೆ ಎಲ್ಲಿಂದ ಹಿಡಿಯಬೇಕೋ ತಿಳಿಯುವುದಿಲ್ಲ’ ಎಂದು ಅವರು ನಿಟ್ಟುಸಿರಿಟ್ಟರು. ಅವರಿಗೆ ಹಣದ ಕೊರತೆಯಿರಲಿಲ್ಲ, ಬಿಡುವಿನ ಕೊರತೆಯೂ ಇರಲಿಲ್ಲ. ಎಂಟು ವರ್ಷದಲ್ಲಿ ಒಂದು ದಿನವೂ ‘ಇಷ್ಟು ಮುಗಿಯಿತು’ ಎನ್ನಲು ಅವರ ಯೋಜನೆಯಲ್ಲಿ ಎಡೆಯಿರಲಿಲ್ಲ. ಉತ್ಸಾಹ ಬತ್ತಿದ್ದು ಮನಸ್ಸಿನ ದೋಷದಿಂದಲ್ಲ, ನಕಾಶೆಯ ದೋಷದಿಂದ ಎಂದು ನನಗೆ ಆ ದಿನ ತೋರಿತು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತೂ ಇದೇ. ಉತ್ಸಾಹವನ್ನು ಹೊರಗಿನಿಂದ ತರಲಾಗದು. ಅದು ಮತ್ತೆ ಮತ್ತೆ ಹುಟ್ಟುವಂತೆ ಕೆಲಸವನ್ನು ಮೊದಲೇ ಭಾಗಮಾಡಿ ಇಡಬೇಕು.

ಅಮೆರಿಕದ ಜಾನ್ ಆರ್ಮ್‌ಸ್ಟ್ರಾಂಗ್ ಎಂಬವರು ಹಳಿಗಳ ಯೋಜನೆಯನ್ನು ಕುರಿತು 1963ರಲ್ಲಿ ಒಂದು ಹೆಸರಾಂತ ಪುಸ್ತಕ ಬರೆದರು. ನಕಾಶೆ ಬರೆಯುವ ಮೊದಲು ಎರಡು ಪಟ್ಟಿಗಳನ್ನು ಮಾಡಬೇಕೆಂಬುದು ಅವರ ಪದ್ಧತಿ. ಒಂದರಲ್ಲಿ ಬದಲಿಸಲಾಗದ ಸಂಗತಿಗಳು. ಇನ್ನೊಂದರಲ್ಲಿ ನಮಗೆ ಬೇಕೆನಿಸುವ ಸಂಗತಿಗಳು. ನಾವು ‘ಇರುವುದು’ ‘ಬೇಕಾದುದು’ ಎಂದು ಬರೆದುಕೊಂಡೆವು. ಇರುವುದು: ಹದಿಮೂರು ಅಡಿಯ ಒಂದು ಗೋಡೆ; ಬಾಗಿಲು ತೆರೆಯಲು ಬಿಡಬೇಕಾದ ಜಾಗ; ವಾರಕ್ಕೆ ಆರೇಳು ಗಂಟೆಯ ಬಿಡುವು; ನನ್ನ ಪಿಂಚಣಿಯಿಂದ ತೆಗೆದಿಡಬಹುದಾದ ಸಣ್ಣ ಮೊತ್ತ; ಎಚ್‌ಓ ಅಳತೆಯ ಎಂಜಿನ್ನು. ಬೇಕಾದುದು ಎಂಬ ಪಟ್ಟಿಯಲ್ಲಿ ಹುಡುಗ ಸುರಂಗ, ಸೇತುವೆ, ಎರಡು ಜಂಕ್ಷನ್ ಎಂದೆಲ್ಲ ಬರೆದ. ನಾನು ಬರೆದದ್ದು ಒಂದೇ: ನನ್ನ ತೀರ್ಥರೂಪರ ನಿಲ್ದಾಣ.

ನನ್ನ ತಂದೆಯವರು ಗದಗ–ಹೋಟಗಿ ಮಾರ್ಗದ ಒಂದು ಸಣ್ಣ ನಿಲ್ದಾಣದಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. 1876–78ರ ಘೋರ ಬರಗಾಲದ ನಂತರ, ಧಾನ್ಯ ಸಾಗಿಸಲು ದಾರಿಯಿಲ್ಲದ ಆ ಬಯಲುಸೀಮೆಗೆ ಸದರ್ನ್ ಮರಾಠಾ ರೈಲ್ವೆಯವರು 1880ರ ದಶಕದಲ್ಲಿ ಹಾಕಿದ ಮೀಟರ್‌ಗೇಜ್ ಮಾರ್ಗವದು. ನನ್ನ ಬಾಲ್ಯದಲ್ಲಿ ಅಲ್ಲಿ ಉಗಿಬಂಡಿಗಳೇ ಓಡುತ್ತಿದ್ದವು. ಹಳಿ ತಿರುಗಿಸುವುದು, ಸಂಜೆ ಸಿಗ್ನಲ್ಲಿನ ದೀಪಕ್ಕೆ ಸೀಮೆಎಣ್ಣೆ ಹಾಕಿ ಹಚ್ಚುವುದು, ಬಂಡಿ ಬಂದಾಗ ಹಸಿರು ಬಾವುಟ ಹಿಡಿದು ನಿಲ್ಲುವುದು ತಂದೆಯವರ ಕೆಲಸ. ನಾನು ಹತ್ತನೆಯ ವಯಸ್ಸಿಗೆ ಪಾಠಶಾಲೆಗೆ ಸೇರಿದೆ. ಮುಂದೆ ತಂದೆಯವರಿಗೆ ಬೇರೆ ಕಡೆಗೆ ವರ್ಗವಾಯಿತು. ಈ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಇಡೀ ಮಾರ್ಗ ಬ್ರಾಡ್‌ಗೇಜ್ ಆಯಿತು. ಆ ಹಳೆಯ ಕಟ್ಟಡ ಈಗಿಲ್ಲ. ಅದರ ಒಂದು ಛಾಯಾಚಿತ್ರವೂ ನಮ್ಮ ಮನೆಯಲ್ಲಿಲ್ಲ.

ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟಾಗ ಬಹಳಷ್ಟು ತಾನಾಗಿಯೇ ಇತ್ಯರ್ಥವಾಯಿತು. ರೈಲು ದುಂಡಗೆ ಸುತ್ತಬೇಕಾದರೆ ಮೇಜು ಮೂರು ನಾಲ್ಕು ಅಡಿ ಅಗಲ ಬೇಕು. ಗೋಡೆಗೆ ಹತ್ತಿದ ಅಂಥ ಮೇಜಿನ ಆಚೆಯ ಅಂಚಿಗೆ ಕೈ ಎಟುಕುವುದಿಲ್ಲ. ಮನುಷ್ಯನ ಕೈ ಸುಖವಾಗಿ ಎಟುಕುವುದು ಎರಡೂವರೆ ಅಡಿ ಮಾತ್ರ. ಆದುದರಿಂದ ಸುತ್ತನ್ನು ಬಿಟ್ಟು, ಗೋಡೆಗುಂಟ ಒಂದೂವರೆ ಅಡಿ ಅಗಲದ ಹಲಗೆಯ ಮೇಲೆ ಒಂದೇ ನಿಲ್ದಾಣ. ಅದರ ಒಂದು ಕೊನೆಗೆ ಗೋಡೆಯ ಚಿತ್ರದ ಮರೆಯಲ್ಲಿ ಮೂರು ಹಳಿಗಳ ಗುಪ್ತಸ್ಥಾನ. ಅಲ್ಲಿಂದ ಹೊರಟ ಬಂಡಿ ‘ಗದಗಿನಿಂದ’ ಬಂದಂತೆ. ಅಲ್ಲಿಗೆ ಮರಳಿದರೆ ‘ಗದಗಿಗೆ’ ಹೋದಂತೆ. ನಿಜವಾದ ನಿಲ್ದಾಣದ 600 ಮೀಟರ್ ಆವರಣವನ್ನು 87ರಿಂದ ಭಾಗಿಸಿದರೂ 23 ಅಡಿಯಾಗುತ್ತದೆ. ನಮ್ಮಲ್ಲಿದ್ದುದು ಎಂಟು ಅಡಿ. ಹಾಗಾಗಿ ಉದ್ದವನ್ನು ಕುಗ್ಗಿಸಿ, ಕಟ್ಟಡ ಬಾವಿ ಬೇವಿನಮರಗಳನ್ನು ಸರಿಯಾದ ಅಳತೆಯಲ್ಲೇ ಉಳಿಸಿಕೊಂಡೆವು. ಮೀಟರ್‌ಗೇಜಿಗೆ ಈ ಪ್ರಮಾಣದಲ್ಲಿ ಹನ್ನೆರಡು ಮಿಲಿಮೀಟರಿನ ಹಳಿ ಬೇಕು. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳನ್ನು ಮಾಡುವವರು ಅದನ್ನು ಬಳಸುತ್ತಾರೆ. ನಮಗೆ ಬಂದ ಎಂಜಿನ್ನು 16.5ರದು. ‘ಇರುವುದು’ ಎಂಬ ಪಟ್ಟಿಯ ಮಾತಿಗೆ ತಲೆಬಾಗಿ ಆ ವ್ಯತ್ಯಾಸವನ್ನು ತಿಳಿದೇ ಒಪ್ಪಿಕೊಂಡೆವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾನು ಇನ್ನೊಂದು ಗೇಣು ಮುಂದಕ್ಕೆ ಒಯ್ಯುತ್ತೇನೆ. ಇಂಥ ಕೆಲಸದಲ್ಲಿ ಕಾಲನ್ನು ಹಾಸಿಗೆಗಿಂತ ಒಂದು ಗೇಣು ಕಡಿಮೆಯೇ ಚಾಚುವುದು ಲೇಸು.

ಎಂಟು ಅಡಿ ನಾಲ್ಕು ಅಡಿಯ ಒಂದು ಪ್ಲೈವುಡ್ ಹಾಳೆಯಿಂದ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಐದು ಹಲಗೆಗಳು ಬರುತ್ತವೆ. ಬಡಿಗೇರರು ಅರ್ಧ ದಿನದಲ್ಲಿ ಅವನ್ನು ಕೊಯ್ದು, ಮೂರಕ್ಕೆ ಕೆಳಗೆ ಚೌಕಟ್ಟು ಕೂಡಿಸಿಕೊಟ್ಟರು. ಮೂರು ಹಲಗೆ, ಮೂರು ಬೇರೆ ಬೇರೆ ಕೆಲಸ. ಒಂದು ಕೆಟ್ಟರೆ ಇನ್ನೊಂದು ಕೆಡುವುದಿಲ್ಲ. ಮನೆ ಬದಲಿಸಿದರೆ ಹೊತ್ತೊಯ್ಯಬಹುದು. ಎಲ್ಲಕ್ಕೂ ಮಿಗಿಲಾಗಿ, ಒಂದೊಂದು ಹಲಗೆಯೂ ಒಂದೊಂದು ‘ಮುಗಿಯಿತು’ ಎಂಬ ಮಾತಿಗೆ ಎಡೆಕೊಡುತ್ತದೆ.

ಹದಿನೈದು ದಿನಗಳೊಳಗೆ ಬರಿಯ ಹಲಗೆಯ ಮೇಲೆ ಹಳಿ ಹಾಸಿ ಬಂಡಿ ಓಡಿಸಿದೆವು. ಹೀಗೆ ಗುಡ್ಡ ಗಿಡ ಏನೂ ಇಲ್ಲದೆ ಮರದ ಮೇಲೆ ಓಡುವ ಮಾರ್ಗಕ್ಕೆ ಅಮೆರಿಕದವರು ವಿನೋದದಿಂದ ‘ಪ್ಲೈವುಡ್ ಸೆಂಟ್ರಲ್’ ಎನ್ನುತ್ತಾರೆ. ಆದರೆ ಬಂಡಿ ಬೇಗ ಓಡುವುದರಲ್ಲಿ ಎರಡು ಲಾಭಗಳಿವೆ. ಹಳಿಯ ಜೋಡಣೆಯಲ್ಲಿ ಎಲ್ಲಿ ಕೊರೆಯುಂಟು, ಎಲ್ಲಿ ವಿದ್ಯುತ್ತು ಸರಿಯಾಗಿ ಹರಿಯುತ್ತಿಲ್ಲ ಎಂಬುದು ಮಣ್ಣು ಹಾಕುವ ಮೊದಲೇ ತಿಳಿಯುತ್ತದೆ. ಜೊತೆಗೆ, ಮಗುವಿನ ಕಣ್ಣಿಗೆ ಕೆಲಸದ ಫಲ ಕಾಣುತ್ತದೆ. ಅದರ ಬೆನ್ನಿಗೇ ಮಾಡಬೇಕಾದ ಇನ್ನೊಂದು ಕೆಲಸವಿದೆ. ಒಂದು ಮೂಲೆಯಲ್ಲಿ ಒಂದು ಅಡಿ ಜಾಗವನ್ನು ಮಾತ್ರ ಆರಿಸಿಕೊಂಡು ಅದನ್ನು ಸಂಪೂರ್ಣ ಮಾಡಿಬಿಡಬೇಕು. ಮಣ್ಣು, ಜಲ್ಲಿ, ಹುಲ್ಲು, ಬೇಲಿ ಒಂದನ್ನೂ ಬಿಡಬಾರದು. ಮಿಕ್ಕ ಹನ್ನೊಂದು ಅಡಿ ಹೇಗಾಗಬೇಕೆಂಬುದನ್ನು ಆ ಒಂದು ಅಡಿ ದಿನವೂ ತೋರಿಸುತ್ತಿರುತ್ತದೆ.

ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿದ್ದ ಜಾನ್ ಆಲನ್ ಈ ಕಲೆಯ ಅಗ್ರಗಣ್ಯರಲ್ಲಿ ಒಬ್ಬರು. ನೆಲದಿಂದ ಛಾವಣಿಯವರೆಗೆ ಎದ್ದ ಅವರ ಬೆಟ್ಟಗಳನ್ನು ನೋಡಿ ಬೆರಗಾಗದವರಿಲ್ಲ. ಆ ಮಹಾನಿರ್ಮಾಣಕ್ಕೆ ಮೊದಲು ಅವರು ಏಳು ಅಡಿಗಿಂತಲೂ ಕಡಿಮೆ ಉದ್ದದ ಒಂದು ಚಿಕ್ಕ ಮಾದರಿ ಮಾಡಿದ್ದರು. ದೊಡ್ಡದನ್ನು ಕಟ್ಟುವಾಗ ಚಿಕ್ಕದನ್ನು ಬಿಸುಡಲಿಲ್ಲ. ಅದನ್ನು ಇಡಿಯಾಗಿ ದೊಡ್ಡದರೊಳಗೆ ಸೇರಿಸಿಕೊಂಡರು. ಚಿಕ್ಕದನ್ನು ಚೆನ್ನಾಗಿ ಮುಗಿಸಿದವನಿಗೆ ಅದು ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ?

ಆದರೂ ಎರಡನೆಯ ವರ್ಷದ ಮಳೆಗಾಲದಲ್ಲಿ ಕೆಲಸ ನಿಧಾನವಾಯಿತು. ಹುಡುಗನಿಗೆ ಶಾಲೆಯ ಪರೀಕ್ಷೆ. ನನಗೆ ಕಣ್ಣಿನ ಪೊರೆಯ ಚಿಕಿತ್ಸೆ. ಹಲಗೆಯ ಮೇಲೆ ಧೂಳು ಕೂಡತೊಡಗಿತು. ಇಂಥ ಸಮಯದಲ್ಲಿ ನೆರವಿಗೆ ಬಂದದ್ದು ಪಾಠಶಾಲೆಯ ಹಳೆಯ ಪದ್ಧತಿ. ನಮ್ಮ ಗುರುಗಳು ಅಮರಕೋಶವನ್ನು ಒಮ್ಮೆಲೇ ಕೈಗೆ ಕೊಡುತ್ತಿರಲಿಲ್ಲ. ದಿನಕ್ಕೆ ಇಂತಿಷ್ಟು ಶ್ಲೋಕ, ಅದು ಬಾಯಿಗೆ ಬಂದ ಮೇಲೆ ಮುಂದಿನದು. ನಾನೂ ಒಂದು ನೋಟುಬುಕ್ಕಿನಲ್ಲಿ ಉಳಿದ ಕೆಲಸಗಳನ್ನೆಲ್ಲ ಅರ್ಧ ಗಂಟೆಯ ಕೆಲಸ, ಎರಡು ಗಂಟೆಯ ಕೆಲಸ, ಒಂದು ದಿನದ ಕೆಲಸ ಎಂದು ಮೂರು ಭಾಗ ಮಾಡಿ ಬರೆದೆ. ‘ನಿಲ್ದಾಣ ಕಟ್ಟುವುದು’ ಎಂದು ಬರೆದರೆ ಯಾವ ದಿನವೂ ಕೈ ಏಳುವುದಿಲ್ಲ. ‘ಟಿಕೇಟು ಕೊಡುವ ಕಿಟಕಿಗೆ ಸರಳು ಕೂಡಿಸುವುದು’ ಎಂದು ಬರೆದರೆ ಸಂಜೆಯ ಚಹಾ ಆರುವುದರೊಳಗೆ ಮುಗಿಯುತ್ತದೆ. ಬೆಸುಗೆ ಹಾಕಿ ಬೇಸರವಾದರೆ ಬಣ್ಣ; ಕಣ್ಣು ದಣಿದರೆ ಮಣ್ಣು ಜರಡಿ ಹಿಡಿಯುವುದು. ಪ್ರತಿದಿನ ಏಳುವ ಮೊದಲು ನಾಳೆಯ ಕೆಲಸವನ್ನು ಒಂದು ಸಾಲಿನಲ್ಲಿ ಬರೆದು, ಅದಕ್ಕೆ ಬೇಕಾದ ಉಪಕರಣವನ್ನು ಎದುರಿಗೇ ಇಟ್ಟು ಏಳುತ್ತಿದ್ದೆ. ಕೆಲವು ದಿನ ಬಿಟ್ಟು ಬಂದಾಗ ಮೊದಲು ಹಳಿಯನ್ನು ಒರೆಸಿ, ಒಂದು ಬಂಡಿಯನ್ನು ಓಡಿಸಿ, ಆಮೇಲೆ ಕೆಲಸಕ್ಕೆ ಕೈ ಹಾಕುವ ರೂಢಿ ಮಾಡಿಕೊಂಡೆವು. ಓಡುವ ಬಂಡಿ ಹತ್ತು ಉಪದೇಶಗಳಿಗಿಂತ ಮೇಲು.

ಮಣ್ಣಿನ ವಿಷಯದಲ್ಲಿ ಆಸಕ್ತರಿಗೆ ಒಂದು ಸೂಚನೆ. ಆ ಸೀಮೆಯ ಎರಿಮಣ್ಣನ್ನೇ ತಂದು, ಒಣಗಿಸಿ, ಮೈದಾ ಜರಡಿಯಲ್ಲಿ ಹಿಡಿದೆವು. ಅದರ ಮೇಲೆ ಅಯಸ್ಕಾಂತವನ್ನು ಎಳೆದು ಕಬ್ಬಿಣದ ಕಣಗಳನ್ನು ತೆಗೆಯುವುದು ಅವಶ್ಯ; ಇಲ್ಲದಿದ್ದರೆ ಎಂಜಿನ್ನಿನ ಮೋಟಾರು ಅವನ್ನು ಸೆಳೆದುಕೊಂಡು ಕೆಡುತ್ತದೆ. ಮಣ್ಣನ್ನೂ ಸಣ್ಣ ಜಲ್ಲಿಯನ್ನೂ ಒಣಗಿದಂತೆಯೇ ಹರವಿ, ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಹಾಕಿ ತೊಟ್ಟು ತೊಟ್ಟಾಗಿ ಬಿಡಬೇಕು. ಸಾಬೂನು ಇಲ್ಲದಿದ್ದರೆ ಹನಿ ಮೇಲೆಯೇ ಉರುಳುತ್ತದೆ, ಇದ್ದರೆ ಒಳಗಿಳಿಯುತ್ತದೆ. ರಾತ್ರಿ ಕಳೆಯುವುದರೊಳಗೆ ನೆಲ ಗಟ್ಟಿಯಾಗುತ್ತದೆ.

ಇನ್ನು ಕಟ್ಟಡ. ಬಾಗಿಲು ಯಾವ ಕಡೆಗಿತ್ತು, ಬಾವಿಗೂ ಕ್ವಾರ್ಟರ್ಸಿಗೂ ಎಷ್ಟು ದೂರ, ದೀಪದ ಕೋಣೆ ಎಲ್ಲಿತ್ತು ಇವುಗಳನ್ನು ಹೇಳಬಲ್ಲವರು ಈಗ ಒಬ್ಬರೇ ಉಳಿದಿದ್ದಾರೆ. ಎಪ್ಪತ್ತೆಂಟು ವರ್ಷದ ನನ್ನ ಅಕ್ಕ. ಆಕೆಯ ಮುಂದೆ ರಟ್ಟಿನಲ್ಲಿ ಮಾಡಿದ ಒಂದು ಕಚ್ಚಾ ನಿಲ್ದಾಣವನ್ನು ಇಟ್ಟು ಕೇಳಿದೆವು. ಆಕೆ ಬಹಳ ಹೊತ್ತು ಬೆರಳಿನಿಂದ ಅದನ್ನು ಮುಟ್ಟಿ ನೋಡಿ, ‘ಇಲ್ಲೆ ಅಪ್ಪ ಬಾವುಟ ಇಡತಿದ್ದ. ಇಲ್ಲೆ ಅವ್ವ ಬುತ್ತಿ ತಂದು ಕೂಡತಿದ್ಲು, ಗಾಡಿ ಹೋಗೂತನಕಾ. ಕಟ್ಟೀಗೆ ಎರಡು ಪಾವಟಿಗೆ ಇದ್ವು, ಒಂದು ಒಡದಿತ್ತು’ ಎಂದಳು. ನನಗೆ ಆ ಕಟ್ಟೆಯ ನೆನಪೇ ಇರಲಿಲ್ಲ. ತಾಯಿಯವರು ಅಲ್ಲಿ ಕೂಡುತ್ತಿದ್ದ ಸಂಗತಿಯನ್ನು ಆ ದಿನವೇ ಮೊದಲು ಕೇಳಿದ್ದು. ಹುಡುಗ ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡ. ಮರುದಿನವೇ ಒಂದು ಬೆರಳಿನಷ್ಟೂ ಇಲ್ಲದ ಆ ಕಟ್ಟೆಯನ್ನು ಮಾಡಿ, ಒಂದು ಪಾವಟಿಗೆಯ ಮೂಲೆಯನ್ನು ಸೂಜಿಯಿಂದ ಒಡೆದ. ಅಂದಿನಿಂದ ಈ ಕೆಲಸಕ್ಕೆ ನನ್ನನ್ನು ಯಾರೂ ಎಬ್ಬಿಸಬೇಕಾಗಿ ಬಂದಿಲ್ಲ. ಯೋಜನೆಯ ಶಿಸ್ತು ಕೆಲಸವನ್ನು ನಡೆಸುತ್ತದೆ, ನಿಜ. ಆದರೆ ಯಾರಿಗಾಗಿ, ಯಾವುದಕ್ಕಾಗಿ ಎಂಬುದು ಒಳಗೆ ಸ್ಪಷ್ಟವಾಗಿದ್ದರೆ ಮಾತ್ರ ಆ ಶಿಸ್ತಿಗೆ ಜೀವ ಬರುತ್ತದೆ.

ಕಟ್ಟಿದ ಮೇಲೆ ಏನು ಎಂಬ ಪ್ರಶ್ನೆಯನ್ನೂ ಮೊದಲೇ ಕೇಳಿಕೊಳ್ಳಬೇಕು. ಅಮೆರಿಕದ ಫ್ರಾಂಕ್ ಎಲಿಸನ್ ಎಂಬವರು 1940ರ ದಶಕದಲ್ಲಿಯೇ ಈ ಮಾರ್ಗವನ್ನು ರಂಗಮಂಚಕ್ಕೆ ಹೋಲಿಸಿದರು. ಬಂಡಿಗಳು ಪಾತ್ರಧಾರಿಗಳು, ವೇಳಾಪಟ್ಟಿ ನಾಟಕದ ಕಥೆ. ಕಂಪನಿ ನಾಟಕಗಳನ್ನು ನೋಡಿ ಬೆಳೆದ ನಮ್ಮ ಸೀಮೆಯವರಿಗೆ ಈ ಹೋಲಿಕೆ ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ಇಂಗ್ಲೆಂಡಿನಲ್ಲಿ ಪಾದ್ರಿಯಾಗಿದ್ದ ಪೀಟರ್ ಡೆನ್ನಿಯವರು 1940ರ ದಶಕದಲ್ಲಿ ಆರಂಭಿಸಿದ ‘ಬಕಿಂಗ್‌ಹ್ಯಾಮ್’ ಮಾರ್ಗದಲ್ಲಿ ಬಂಡಿಗಳು ವೇಳಾಪಟ್ಟಿಗೆ ಅನುಸಾರವಾಗಿ, ಗಂಟೆಯ ಸಂಕೇತಗಳೊಡನೆ ಓಡುತ್ತಿದ್ದವು. ಜೊತೆಗೆ ನಿಂತು ಒಂದು ಕೊನೆಯನ್ನು ನೋಡಿಕೊಳ್ಳಲು ಮಗ ಕ್ರಿಸ್ಪಿನ್ ಇಲ್ಲದಾಗ, ಅವನ ಕೆಲಸ ಮಾಡಲು ಅವರು ಮೆಕ್ಯಾನೋ ತುಂಡುಗಳಿಂದ ಒಂದು ಯಂತ್ರವನ್ನು ರಚಿಸಿ, ಅದಕ್ಕೆ ‘ಆಟೋಮ್ಯಾಟಿಕ್ ಕ್ರಿಸ್ಪಿನ್’ ಎಂದೇ ಹೆಸರಿಟ್ಟರು. ಡೆನ್ನಿಯವರು 2009ರಲ್ಲಿ ತೀರಿಕೊಂಡರು. ಅವರ ಮಾರ್ಗವನ್ನು ಅದನ್ನು ಬಲ್ಲವರು ಉಳಿಸಿ ಓಡಿಸುತ್ತ ಬಂದಿದ್ದಾರೆ. ಬರುವ ಜೂನಿನಲ್ಲಿ ನನ್ನ ಮೊಮ್ಮಗನೂ ಪಿಯುಸಿಗೆಂದು ಪರಊರಿನ ವಸತಿನಿಲಯಕ್ಕೆ ಹೋಗುವವನಿದ್ದಾನೆ. ಡೆನ್ನಿಯವರ ಆ ಯಂತ್ರದ ಕಥೆಯನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಪುಸ್ತಕವನ್ನು ಮುಚ್ಚಿ ಕುಳಿತಿದ್ದೆ.

ಅವನು ಹೊರಡುವುದರೊಳಗೆ ಮಾರ್ಗವೆಲ್ಲ ಮುಗಿಯುವುದೇ? ಇಲ್ಲ. ಎರಡು ಹಲಗೆಗಳು ಮುಗಿದಿವೆ. ಹತ್ತಿಯ ಅಂಡಿಗೆಗಳನ್ನು ಏರಿಸುವ ಗೂಡ್ಸ್ ಹಳಿಯ ಹಲಗೆ ಮುಗಿಯಬೇಕು. ಅದಕ್ಕೆಂದೇ ನೋಟುಬುಕ್ಕಿನಲ್ಲಿ ಹದಿನಾಲ್ಕು ಸಣ್ಣ ಕೆಲಸಗಳು ಉಳಿದಿವೆ. ಅವುಗಳಲ್ಲಿ ಒಂಬತ್ತನ್ನು ಅವನು ರಜೆಗೆ ಬಂದಾಗ ಮಾಡಲೆಂದು ಬೇರೆ ತೆಗೆದಿಟ್ಟಿದ್ದೇವೆ. ಎಲ್ಲವನ್ನೂ ನಾನೊಬ್ಬನೇ ಮುಗಿಸಿಬಿಟ್ಟರೆ ಅವನು ಬಂದು ನೋಡುವವನಾಗುತ್ತಾನೆ. ಕೆಲಸ ಉಳಿದಿದ್ದರೆ ಬಂದು ಕೂಡುವವನಾಗುತ್ತಾನೆ. ಇಂಗ್ಲೆಂಡಿನ ಲಾಂಗ್ ವಿಟ್ಟನ್‌ಹ್ಯಾಮ್ ಗ್ರಾಮದಲ್ಲಿ ರಾಯ್ ಇಂಗ್ಲೆಂಡ್ ಎಂಬವರು 1954ರಲ್ಲಿ ನೆಲೆಗೊಳಿಸಿದ ಪೆಂಡನ್ ಸಂಗ್ರಹಾಲಯದಲ್ಲಿ, 1920–30ರ ದಶಕಗಳ ಒಂದು ಕಣಿವೆಯ ಹಳ್ಳಿಗಾಡನ್ನು ಮನೆಮನೆಯಾಗಿ ಮಾದರಿಯಲ್ಲಿ ಕಟ್ಟುತ್ತ ಬಂದಿದ್ದಾರೆ. ಮೂಲಪುರುಷರು ತೀರಿಹೋದರೂ ಸ್ವಯಂಸೇವಕರು ಆ ಕೆಲಸವನ್ನು ಬಿಟ್ಟಿಲ್ಲ. ನಮ್ಮ ನೆರೆಯ ಪುಣೆಯಲ್ಲಿಯೂ ಭಾವುಸಾಹೇಬ ಜೋಶಿಯವರು ಸ್ವಂತ ಆಸಕ್ತಿಯಿಂದ ಬೆಳೆಸಿದ ಕಿರುರೈಲುಗಳ ಸಂಗ್ರಹಾಲಯ 1998ರಿಂದ ಸಾರ್ವಜನಿಕರಿಗೆ ತೆರೆದಿದೆ. ಪುಣೆಗೆ ಹೋಗುವ ಕುಟುಂಬಗಳು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕಾದ ಸ್ಥಳ.

ಮೇಲೆ ಹೇಳಿದ ಜಾನ್ ಆಲನ್ 1973ರ ಜನವರಿಯಲ್ಲಿ ಹಠಾತ್ತನೆ ತೀರಿಕೊಂಡರು. ಅದೇ ತಿಂಗಳು ಬೆಂಕಿ ಬಿದ್ದು ಅವರ ಮಾರ್ಗ ಬಹುಮಟ್ಟಿಗೆ ನಾಶವಾಯಿತು. ಆದರೆ ಅವರು ತೆಗೆದಿಟ್ಟ ಛಾಯಾಚಿತ್ರಗಳಿಂದ, ಬರೆದ ಲೇಖನಗಳಿಂದ ಇಂದಿಗೂ ಜನ ಕಲಿಯುತ್ತಿದ್ದಾರೆ. ಇದನ್ನು ತಿಳಿದ ಮೇಲೆ ನಾವು ನೋಟುಬುಕ್ಕನ್ನು ಹಲಗೆಗಿಂತ ಹೆಚ್ಚು ಜೋಪಾನ ಮಾಡುತ್ತೇವೆ. ಅಕ್ಕ ಹೇಳಿದ ಮಾತುಗಳು, ಅಳತೆಗಳು, ಹುಡುಗನ ಚಿತ್ರಗಳು ಎಲ್ಲವೂ ಅದರಲ್ಲಿವೆ.

ಓದುಗ ಬಂಧುಗಳಲ್ಲಿ ಎಲ್ಲರೂ ರೈಲುಮಾರ್ಗ ಕಟ್ಟಬೇಕೆಂದು ನಾನು ಹೇಳುವುದಿಲ್ಲ. ಆದರೆ ಪ್ರತಿ ಮನೆಯಲ್ಲಿಯೂ ಹಿರಿಯರು ನೆನಪಿಟ್ಟುಕೊಂಡ ಒಂದು ಅಂಗಳ, ಒಂದು ಗಾಣ, ಒಂದು ಮಗ್ಗದ ಕೋಣೆ ಇದ್ದೇ ಇರುತ್ತದೆ. ಕೈಗೆ ಕೆಲಸ ಕೇಳುವ ಒಂದು ಮಗುವೂ ಇರುತ್ತದೆ. ಇಬ್ಬರ ನಡುವೆ ನಾಲ್ಕು ಅಡಿಯ ಒಂದು ಹಲಗೆ ಇಡಿರಿ. ಅದಕ್ಕಿಂತ ದೊಡ್ಡದನ್ನು ಮೊದಲಿಗೆ ಇಡಬೇಡಿರಿ. ಆ ಹಲಗೆ ಮುಗಿದ ದಿನ ಮನೆಯವರನ್ನೆಲ್ಲ ಕರೆದು ತೋರಿಸಿರಿ. ಎರಡನೆಯ ಹಲಗೆಯ ಮಾತನ್ನು ಮಗುವೇ ತೆಗೆಯುತ್ತದೆ.